‘ತಲುಪಿಸಲಾಗಿದೆ’ ಎಂದು ಬರೆದವರು ಯಾರು?

ಪ್ರಶ್ನೆ: ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಹೊಲಿಗೆ ಯಂತ್ರಕ್ಕೆಂದು ಪೆಡಲ್ ಸಮೇತ ಒಂದು ಮೋಟಾರನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. 5ನೇ ತಾರೀಖಿನೊಳಗೆ ಬರುತ್ತದೆ ಎಂದಿದ್ದರು. 6ರಂದು ‘ಸ್ವೀಕರಿಸುವವರು ಲಭ್ಯವಿಲ್ಲ’ ಎಂದು ಮೊಬೈಲ್‌ನಲ್ಲಿ ತೋರಿಸಿತು. ಅಂದು ಬೆಳಗಿನಿಂದ ಕತ್ತಲಾಗುವವರೆಗೆ ನಾನು ಬಾಗಿಲ ಪಕ್ಕದಲ್ಲೇ ಕುಳಿತು ಹೊಲಿಯುತ್ತಿದ್ದೆ. 8ರ ರಾತ್ರಿ 8.50ಕ್ಕೆ ‘ತಲುಪಿಸಲಾಗಿದೆ’ ಎಂದು ಬಂತು. ನನ್ನ ಕೈಗೆ ಏನೂ ಬಂದಿಲ್ಲ. ಅಂಗಡಿಯವರು ಕೊರಿಯರ್‌ನವರನ್ನು ಕೇಳಿ ಎನ್ನುತ್ತಾರೆ, ಕೊರಿಯರ್‌ನವರು ಅಂಗಡಿಯವರನ್ನು ಕೇಳಿ ಎನ್ನುತ್ತಾರೆ. ಇಂದು 12ನೇ ತಾರೀಖು. ನಾನು ಯಾರ ಕೊರಳಪಟ್ಟಿ ಹಿಡಿಯಬೇಕು? ಟ್ರ್ಯಾಕಿಂಗ್ ಪುಟದ ಚಿತ್ರವನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಅಂಗಡಿಯವರದು. ಅದೂ ಫೋನಿನಲ್ಲಲ್ಲ, ಬರಹದಲ್ಲಿ, ಇಂದೇ. ಏನು ಬರೆಯಬೇಕೆಂಬುದನ್ನು ಕೆಳಗೆ ಕೊಟ್ಟಿದ್ದೇನೆ. ಆತುರವಿದ್ದರೆ ನೇರ ಅಲ್ಲಿಗೇ ಹೋಗಿ, ಪತ್ರ ಕಳುಹಿಸಿ ಬಂದು ಉಳಿದದ್ದನ್ನು ಓದಿ.

ಪಾರ್ಸೆಲ್ ವಿಂಗಡಣೆ ನಡೆಯುವ ಕಡೆ ಆರು ವರ್ಷ, ಅನಂತರ ದೂರು ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು ನಾನು. ಫೋನಿನ ಆಚೆ ಬದಿಯಲ್ಲಿ ಕುಳಿತು ‘ಅಂಗಡಿಯವರನ್ನು ಕೇಳಿ’ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಪಾಪಕ್ಕೆ ಪ್ರಾಯಶ್ಚಿತ್ತವೆಂದೇ ಈ ಉತ್ತರ ಸ್ವಲ್ಪ ಉದ್ದವಾಗುತ್ತಿದೆ.

ಮೊದಲು ಟ್ರ್ಯಾಕಿಂಗ್ ಪುಟದ ವಿಷಯ. ಅದು ಪಾರ್ಸೆಲ್ಲನ್ನು ಹಿಂಬಾಲಿಸುತ್ತದೆ ಎಂದು ಬಹುಪಾಲು ಜನ ನಂಬಿದ್ದಾರೆ. ಹಿಂಬಾಲಿಸುವುದಿಲ್ಲ. ಸಾಮಾನ್ಯ ಪೆಟ್ಟಿಗೆಯೊಂದರ ಒಳಗೆ ತಾನೆಲ್ಲಿದ್ದೇನೆಂದು ಕೂಗಿ ಹೇಳುವ ಯಂತ್ರ ಯಾವುದೂ ಇರುವುದಿಲ್ಲ. ಎಲ್ಲೋ ಒಂದು ಕಡೆ ಯಾರೋ ಒಬ್ಬರು ಬಾರ್‌ಕೋಡ್‌ಗೆ ಸ್ಕ್ಯಾನರ್ ಹಿಡಿದು, ಪರದೆಯ ಮೇಲಿನ ಪಟ್ಟಿಯಿಂದ ಒಂದು ಕಾರಣವನ್ನು ಆರಿಸಿ ಗುಂಡಿ ಒತ್ತುತ್ತಾರೆ. ನಿಮ್ಮ ಮೊಬೈಲ್‌ನಲ್ಲಿ ಒಂದು ಸಾಲು ಮೂಡುತ್ತದೆ. ಅಂದರೆ ಆ ಪುಟದ ಕೊನೆಯ ಸಾಲುಗಳಾದರೂ ಒಬ್ಬ ಮನುಷ್ಯನ ಹೇಳಿಕೆ. ಹೇಳಿಕೆ ನಿಜವಿರಬಹುದು, ಕಣ್ತಪ್ಪಿನದಿರಬಹುದು, ಬೇಕೆಂದೇ ಹೇಳಿದ ಸುಳ್ಳೂ ಆಗಿರಬಹುದು. ಅದು ಯಂತ್ರದ ಅಕ್ಷರದಲ್ಲಿ, ಗಂಟೆ ನಿಮಿಷ ಸಮೇತ ಬಂದಿರುವುದರಿಂದ ನಾವು ಶಿಲಾಶಾಸನವೆಂದು ತಿಳಿದು ಬೆಚ್ಚುತ್ತೇವೆ, ಅಷ್ಟೆ. ಹೀಗಾಗಿ ‘ನನ್ನ ಪಾರ್ಸೆಲ್ ಎಲ್ಲಿದೆ’ ಎಂದು ಕೇಳುವುದಕ್ಕಿಂತ ‘ಈ ಸಾಲನ್ನು ಬರೆದವರು ಯಾರು, ಎಲ್ಲಿ ನಿಂತು ಬರೆದರು, ಅವರ ಬಳಿ ಏನು ಪುರಾವೆ ಇದೆ’ ಎಂದು ಕೇಳಿದರೆ ಕೆಲಸ ಬೇಗ ಆಗುತ್ತದೆ. ಮೊದಲ ಪ್ರಶ್ನೆಗೆ ಪರದೆ ನೋಡಿ ಓದಿ ಹೇಳಿದರೆ ಸಾಕು. ಎರಡನೆಯದಕ್ಕೆ ಯಾರಾದರೂ ಕುರ್ಚಿ ಬಿಟ್ಟು ಏಳಬೇಕಾಗುತ್ತದೆ.

ಸ್ಕ್ಯಾನ್ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ರಾತ್ರಿ ಪಾಳಿಯ ದೃಶ್ಯವನ್ನೇ ಕೊಡುತ್ತೇನೆ. ಸಣ್ಣ ಪಾರ್ಸೆಲ್‌ಗಳು ಬಿಡಿಬಿಡಿಯಾಗಿ ಲಾರಿ ಹತ್ತುವುದಿಲ್ಲ. ಮೂವತ್ತು ನಲವತ್ತನ್ನು ಒಂದು ಚೀಲಕ್ಕೆ ತುಂಬುತ್ತಾರೆ. ತುಂಬುವಾಗ ಒಂದೊಂದನ್ನೂ ಸ್ಕ್ಯಾನ್ ಮಾಡಿ, ಬಾಯಿ ಕಟ್ಟಿ, ಚೀಲಕ್ಕೆ ತನ್ನದೇ ಒಂದು ಚೀಟಿ ಕಟ್ಟುತ್ತಾರೆ. ಮುಂದಿನ ಕೇಂದ್ರದಲ್ಲಿ ಸ್ಕ್ಯಾನ್ ಆಗುವುದು ಚೀಲದ ಚೀಟಿ ಮಾತ್ರ. ಅದರೊಂದಿಗೆ ಒಳಗಿರಬೇಕಾದ ನಲವತ್ತೂ ‘ಬಂದಿವೆ’ ಎಂದು ದಾಖಲಾಗುತ್ತವೆ. ಈಗ, ಮೂವತ್ತೇಳನೆಯ ಪಾರ್ಸೆಲ್ಲನ್ನು ಸ್ಕ್ಯಾನ್ ಮಾಡಿದವನು ಅದನ್ನು ಚೀಲದೊಳಗೆ ಹಾಕುವ ಹೊತ್ತಿಗೆ ಕೈ ಜಾರಿ ಅದು ಪಕ್ಕದ ಚೀಲಕ್ಕೆ ಬಿತ್ತೆನ್ನಿ. ಪುಟದ ಪ್ರಕಾರ ಅದು ಉತ್ತರಕ್ಕೆ ಹೋಗುತ್ತಿರುತ್ತದೆ, ವಾಸ್ತವದಲ್ಲಿ ದಕ್ಷಿಣದ ಲಾರಿಯಲ್ಲಿ ನಿದ್ದೆ ಮಾಡುತ್ತಿರುತ್ತದೆ. ದಕ್ಷಿಣದಲ್ಲಿ ಚೀಲ ಬಿಚ್ಚಿ ‘ಇದು ನಮ್ಮದಲ್ಲ’ ಎಂದು ಗೊತ್ತಾಗಿ, ಮತ್ತೆ ಸ್ಕ್ಯಾನ್ ಆಗುವವರೆಗೆ ಅದು ಇದೆಯೆಂಬುದು ಯಾರಿಗೂ ತಿಳಿಯದು. ನಾಲ್ಕು ದಿನ ಏನೂ ಬದಲಾಗದೆ ನಿಂತು, ಐದನೆಯ ದಿನ ಇದ್ದಕ್ಕಿದ್ದಂತೆ ಸಂಬಂಧವೇ ಇಲ್ಲದ ಊರಿನ ಹೆಸರು ಕಾಣಿಸಿದರೆ ಗಾಬರಿಯಾಗಬೇಡಿ. ಅದು ಒಳ್ಳೆಯ ಸುದ್ದಿ. ಕಳೆದದ್ದು ಕಣ್ಣಿಗೆ ಬಿದ್ದಿದೆ ಎಂದರ್ಥ.

ಗಡಿ ದಾಟುವ ಅಂಚೆಯಲ್ಲೂ ಇದೇ ಕಥೆ. ವಿಶ್ವ ಅಂಚೆ ಒಕ್ಕೂಟಕ್ಕೆ ಅಡಿಪಾಯ ಬಿದ್ದದ್ದು 1874ರಲ್ಲಿ, ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ. ಪಾರ್ಸೆಲ್ಲಿನ ಪ್ರತಿ ಹಂತಕ್ಕೂ ಮೂರಕ್ಷರದ ಸಂಕೇತಗಳು ಆ ವ್ಯವಸ್ಥೆಯಲ್ಲಿವೆ. ‘ಇಎಂಎ’ ಎಂದರೆ ಒಪ್ಪಿಸಿಕೊಂಡದ್ದು, ‘ಇಎಂಸಿ’ ಎಂದರೆ ಕಳುಹಿಸುವ ದೇಶದ ವಿನಿಮಯ ಕಚೇರಿಯಿಂದ (ಹೊರದೇಶದ ಅಂಚೆಯನ್ನು ಕಳುಹಿಸಿ ಬರಮಾಡಿಕೊಳ್ಳುವ ಕಚೇರಿ) ಹೊರಬಿದ್ದದ್ದು, ‘ಇಎಂಡಿ’ ತಲುಪುವ ದೇಶದ ವಿನಿಮಯ ಕಚೇರಿಗೆ ಬಂದದ್ದು, ‘ಇಎಂಎಚ್’ ಕೊಡಲು ಹೋಗಿ ಆಗದೆ ಮರಳಿದ್ದು, ‘ಇಎಂಐ’ ಕೊಟ್ಟದ್ದು. ಜನ ಅತಿ ಹೆಚ್ಚು ಕಂಗಾಲಾಗುವುದು ‘ಸಿ’ ಮತ್ತು ‘ಡಿ’ಗಳ ನಡುವೆ. ಕಚೇರಿಯಿಂದ ಹೊರಬಿದ್ದ ಮಾತ್ರಕ್ಕೆ ವಿಮಾನ ಹತ್ತಿದೆ ಎಂದಲ್ಲ. ಜಾಗಕ್ಕಾಗಿ ವಿಮಾನ ನಿಲ್ದಾಣದ ಗೋದಾಮಿನಲ್ಲಿ ದಿನಗಟ್ಟಲೆ ಕಾದಿರಬಹುದು. ಆ ದಾರಿಯಲ್ಲಿ ಪ್ರತಿ ಪೆಟ್ಟಿಗೆಗೂ ಸ್ಕ್ಯಾನರ್ ಹಿಡಿಯುವವರಿಲ್ಲ. ಮೌನ ಅಲ್ಲಿ ಸಹಜ. ಆದರೆ ‘ಡಿ’ ಆದ ಮೇಲೆ, ಸುಂಕದವರ ಕೈಯಲ್ಲಿದೆ ಎಂಬ ಸೂಚನೆಯೂ ಇಲ್ಲದೆ ವಾರಗಟ್ಟಲೆ ಮೌನವಿದ್ದರೆ ಅದು ಸಹಜವಲ್ಲ. ವಿಚಾರಿಸಿ.

ಇನ್ನು ನಿಮ್ಮ 6ನೇ ತಾರೀಖಿನ ಸಾಲು. ‘ಸ್ವೀಕರಿಸುವವರು ಲಭ್ಯವಿಲ್ಲ.’

ಈ ಸಾಲನ್ನು ಬರೆದ ಹುಡುಗನ ಮೇಲೆ ನಿಮಗೆ ಸಿಟ್ಟಿರುವುದು ಸರಿಯೇ. ಆದರೆ ಅವನ ದಿನವನ್ನೂ ಸ್ವಲ್ಪ ನೋಡಿ. ಬೆಳಿಗ್ಗೆ ಅವನ ಕೈಗೆ ಒಂದು ಪಟ್ಟಿ ಕೊಟ್ಟಿರುತ್ತಾರೆ. ಸಂಜೆಯೊಳಗೆ ಪಟ್ಟಿಯ ಪ್ರತಿ ಹೆಸರಿನ ಎದುರು ಏನಾದರೂ ಒಂದು ಗುರುತು ಬೀಳಲೇಬೇಕು: ಕೊಟ್ಟೆ, ಕೊಡಲಾಗಲಿಲ್ಲ, ವಿಳಾಸ ಸಿಗಲಿಲ್ಲ. ‘ಹೊತ್ತು ಸಾಲಲಿಲ್ಲ’ ಎಂಬ ಗುರುತು ಪಟ್ಟಿಯಲ್ಲಿ ಇರುವುದೇ ಇಲ್ಲ; ಇದ್ದರೂ ಅದನ್ನು ಒತ್ತಿದವನಿಗೆ ಮರುದಿನ ಬೈಗುಳ ಖಾತ್ರಿ. ಆಗ ಸುಲಭಕ್ಕೆ ಸಿಗುವುದು ಮನೆಯಲ್ಲಿ ಇಲ್ಲದವರ ಮೇಲೆ ತಪ್ಪು ಹೊರಿಸುವ ಗುಂಡಿ. ನಾನು ಇದ್ದ ಕಡೆ ಸಂಜೆ ಏಳರಿಂದ ಏಳೂವರೆಯ ನಡುವೆ ಈ ಕಾರಣ ಮಳೆ ಸುರಿದಂತೆ ಬೀಳುತ್ತಿತ್ತು. ಒಂದೇ ಬೀದಿಯ ಹನ್ನೊಂದು ಮನೆಗಳವರು ನಾಲ್ಕೇ ನಿಮಿಷದಲ್ಲಿ ‘ಲಭ್ಯವಿಲ್ಲ’ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ಮನೆಯವರೂ ಒಟ್ಟಿಗೆ ಎಲ್ಲಿಗೆ ಹೋಗಿದ್ದರು ಎಂದು ನಮ್ಮ ಮೇಲ್ವಿಚಾರಕರು ಯಾರೂ ಕೇಳಲಿಲ್ಲ.

ಇಂಥ ಸಾಲು ಬಂದ ದಿನವೇ, ಮರುದಿನಕ್ಕೆ ಬಿಡದೆ, ಮೂರು ಸಂಗತಿ ಕೇಳಬೇಕು: ಯತ್ನ ನಡೆದದ್ದು ಎಷ್ಟು ಗಂಟೆಗೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಕರೆ ಮಾಡಲಾಯಿತು, ಗುಂಡಿ ಒತ್ತಿದಾಗ ಸಾಧನ ಯಾವ ಜಾಗದಲ್ಲಿತ್ತು. ಕೈಯಲ್ಲಿ ಹಿಡಿಯುವ ಇಂದಿನ ಸಾಧನಗಳಲ್ಲಿ ಜಿಪಿಎಸ್ ಇರುವುದು ಸಾಮಾನ್ಯ. ಕೊರಿಯರ್‌ನವರು ನಿಮಗೆ ತೋರಿಸದಿದ್ದರೂ ಅವರ ಬಳಿ ಆ ಗುರುತು ಇರುತ್ತದೆ. ಆ ದಿನ ನಿಮ್ಮ ಫೋನಿಗೆ ಕರೆಯೇ ಬಂದಿಲ್ಲವೆಂದರೆ ಕರೆಗಳ ಪಟ್ಟಿಯ ಚಿತ್ರ ತೆಗೆದಿಟ್ಟುಕೊಳ್ಳಿ. ಆತುರ ಏಕೆಂದರೆ ಸುಳ್ಳು ಯತ್ನವೂ ಲೆಕ್ಕಕ್ಕೆ ಸೇರುತ್ತದೆ. ಎರಡೋ ಮೂರೋ ಯತ್ನ ಮುಗಿದವೆಂದರೆ ಪಾರ್ಸೆಲ್ ಕಳುಹಿಸಿದವರ ಕಡೆಗೆ ಹಿಂದಿರುಗಿ ಹೊರಡುತ್ತದೆ, ಮತ್ತೆ ಅದನ್ನು ಅರ್ಧ ದಾರಿಯಲ್ಲಿ ತಡೆಯುವುದು ಬಹಳ ಕಷ್ಟ. ನಿಜವಾಗಿಯೂ ಮನೆಯಲ್ಲಿ ಇರದೆ ತಪ್ಪಿಹೋಗಿದ್ದರೆ ಇಷ್ಟೆಲ್ಲ ಬೇಡ. ಬಾಗಿಲಿಗೆ ಚೀಟಿ ಅಂಟಿಸಿದ್ದಾರೆಯೇ ನೋಡಿ, ಮರುದಿನದ ಸಮಯ ಗೊತ್ತುಮಾಡಿ, ಅಥವಾ ಗುರುತಿನ ಚೀಟಿ ಹಿಡಿದು ಕೇಂದ್ರಕ್ಕೇ ಹೋಗಿ ತನ್ನಿ. ನನ್ನ ಅನುಭವದಲ್ಲಿ ಹೋಗಿ ತರುವುದೇ ಎಲ್ಲಕ್ಕಿಂತ ಖಚಿತ ದಾರಿ. ಹೊರಡುವ ಮುಂಚೆ ಪಾರ್ಸೆಲ್ ಕೇಂದ್ರದಲ್ಲೇ ಇದೆಯೋ, ವ್ಯಾನಿನಲ್ಲಿ ಸುತ್ತುತ್ತಿದೆಯೋ ಕೇಳಿಕೊಳ್ಳಿ, ಇಲ್ಲವಾದರೆ ನೀವು ಅಲ್ಲಿ, ಅದು ನಿಮ್ಮ ಬಾಗಿಲಲ್ಲಿ.

8ರ ರಾತ್ರಿ 8.50ರ ಸಾಲಿಗೆ ಬರೋಣ.

ಕೊಡದೆಯೇ ‘ತಲುಪಿಸಲಾಗಿದೆ’ ಎಂದು ಬರೆಯುವುದಕ್ಕೆ ಕಾರಣ ಕಳ್ಳತನವೇ ಆಗಬೇಕಿಲ್ಲ. ದಿನದ ಗುರಿ ಮುಟ್ಟಿಸಲು ಉಳಿದ ನಾಲ್ಕಾರು ಪಾರ್ಸೆಲ್‌ಗಳಿಗೆ ರಾತ್ರಿಯೇ ಗುರುತು ಹಾಕಿ, ಅವನ್ನು ಬೆಳಿಗ್ಗೆ ಮೊದಲು ಕೊಟ್ಟು ಮುಗಿಸುವ ಅಭ್ಯಾಸವೊಂದಿದೆ. ನಿಯಮಕ್ಕೆ ವಿರುದ್ಧ, ಆದರೆ ಇದೆ. ಹಾಗಾಗಿ ರಾತ್ರಿ ತಡವಾಗಿ ಬಂದ ಇಂಥ ಸಾಲಿಗೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಕಾಯಬಹುದು. ಅಷ್ಟರಲ್ಲಿ ಅಕ್ಕಪಕ್ಕದ ಮನೆ, ಕಾವಲುಗಾರ, ಮೆಟ್ಟಿಲ ಕೆಳಗಿನ ಜಾಗ, ಮೀಟರ್ ಪೆಟ್ಟಿಗೆಯ ಹಿಂಭಾಗ ಎಲ್ಲವನ್ನೂ ನೋಡಿರಬೇಕು. ಅದೇ ಸಂಖ್ಯೆಯ ಮನೆ ಹಿಂದಿನ ಬೀದಿಯಲ್ಲಿ ಇದ್ದರೆ ಅಲ್ಲಿಯೂ ಕೇಳಿ. ಎಷ್ಟೋ ಪ್ರಕರಣಗಳಲ್ಲಿ ಕಾಣೆಯಾದದ್ದು ನೂರು ಹೆಜ್ಜೆಯ ಒಳಗೇ ಸಿಕ್ಕಿದೆ. ಮನೆಯವರನ್ನೂ ಕೇಳಿ, ನಗಬೇಡಿ, ಹೆಂಡತಿ ತೆಗೆದುಕೊಂಡು ಕಪಾಟಿನ ಮೇಲಿಟ್ಟ ಪೆಟ್ಟಿಗೆಗಾಗಿ ಗಂಡ ನಮಗೆ ಮೂರು ದೂರು ಬರೆದದ್ದುಂಟು.

ನಿಮ್ಮದು ಇಂದಿಗೆ ನಾಲ್ಕನೆಯ ದಿನ. ಕಾಯುವ ಹಂತ ಮುಗಿಯಿತು. ಈಗ ಬೇಕಾದದ್ದು ಬಟವಾಡೆಯ ಪುರಾವೆ: ಯಾರು ಪಡೆದರೆಂದು ಬರೆದುಕೊಂಡ ಹೆಸರು, ಸಹಿ ಅಥವಾ ಒಟಿಪಿ, ತೆಗೆದ ಚಿತ್ರ, ಸಾಧನವಿದ್ದ ಜಾಗ, ಲೇಬಲ್‌ನಲ್ಲಿದ್ದ ಪೂರ್ತಿ ವಿಳಾಸ, ಮತ್ತು ತೂಕ. ಚಿತ್ರ ಬಂದರೆ ಬಾಗಿಲ ಬಣ್ಣ, ನೆಲದ ಕಲ್ಲು, ಹೊಸ್ತಿಲು ನಿಮ್ಮದೇ ಎಂದು ನೋಡಿ. ಬರೀ ಪಾರ್ಸೆಲ್ಲನ್ನು ಹತ್ತಿರದಿಂದ ತೆಗೆದ ಚಿತ್ರ, ಹಿನ್ನೆಲೆಯಲ್ಲಿ ವ್ಯಾನಿನ ರಬ್ಬರ್ ಹಾಸು ಕಾಣುತ್ತಿದ್ದರೆ ಅದು ಕೊಟ್ಟದ್ದಕ್ಕೆ ಪುರಾವೆಯಲ್ಲ, ಕೊಡದೆ ಇದ್ದದ್ದಕ್ಕೆ ಪುರಾವೆ.

ತೂಕವನ್ನು ಕೊನೆಯಲ್ಲಿ ಹೇಳಿದೆನಾದರೂ ನನಗೆ ಅದೇ ಎಲ್ಲಕ್ಕಿಂತ ಇಷ್ಟದ ಸಾಕ್ಷಿ. ಏಕೆಂದರೆ ಒಂದು ಮೋಸವಿದೆ. ಕೆಟ್ಟ ಮಾರಾಟಗಾರ ನಿಮಗೆ ಸಾಮಾನೇ ಕಳುಹಿಸುವುದಿಲ್ಲ. ನಿಮ್ಮದೇ ಊರಿನ ಇನ್ನಾರಿಗೋ ಹೋಗುತ್ತಿರುವ ಪಾರ್ಸೆಲ್ಲಿನ ಸಂಖ್ಯೆಯನ್ನು ನಿಮಗೆ ಕೊಡುತ್ತಾನೆ, ಅಥವಾ ಬೆಲೆಬಾಳುವ ಸಾಮಾನಿನ ಬದಲು ಕಾಗದದ ಚೂರು ತುಂಬಿದ ಲಕೋಟೆಯನ್ನು ಎಲ್ಲಿಗೋ ಕಳುಹಿಸುತ್ತಾನೆ. ಪುಟ ತೆರೆದರೆ ಊರು ಸರಿ, ಅಂಚೆ ಸಂಖ್ಯೆ ಸರಿ, ‘ತಲುಪಿಸಲಾಗಿದೆ’. ಬಹುತೇಕ ಪುಟಗಳು ಮನೆ ಸಂಖ್ಯೆ ತೋರಿಸದೆ ಇರುವುದು ಇವರಿಗೆ ವರದಾನ. ತೂಕ ಮಾತ್ರ ನೀವು ತರಿಸಿದ ಸಾಮಾನಿಗೆ ಹೊಂದದೆ ಇವರನ್ನು ಹಿಡಿದುಕೊಡುತ್ತದೆ. ಇಂಥ ಕಡೆ ಕೊರಿಯರ್‌ನವರಿಂದ ಒಂದೇ ವಾಕ್ಯದ ಬರಹ ಸಿಕ್ಕರೆ ಸಾಕು: ‘ಈ ಸಂಖ್ಯೆಯ ಪಾರ್ಸೆಲ್ ನೀವು ಹೇಳಿದ ವಿಳಾಸಕ್ಕೆ ಸೇರಿದ್ದಲ್ಲ.’ ಬೇರೆಯವರ ವಿಳಾಸವನ್ನು ಅವರು ಹೇಳುವುದಿಲ್ಲ, ಹೇಳಲೂಬಾರದು. ಆದರೆ ನಿಮ್ಮದಲ್ಲ ಎಂದು ಹೇಳಲು ಅಡ್ಡಿಯಿಲ್ಲ.

ಅಂಚೆಯ ಅಂತಾರಾಷ್ಟ್ರೀಯ ಸಂಖ್ಯೆಯಾದರೆ ಅದು ಅಸಲಿಯಂತೆ ಇದೆಯೇ ಎಂದು ನೀವೇ ಕಾಗದ ಪೆನ್ಸಿಲ್ ಹಿಡಿದು ನೋಡಬಹುದು. ಮುಂದೆ ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಹಿಂದೆ ದೇಶದ ಎರಡು ಅಕ್ಷರ, ಒಟ್ಟು ಹದಿಮೂರು. ಮೊದಲ ಅಕ್ಷರ ‘ಆರ್’ ಆದರೆ ನೋಂದಾಯಿತ ಅಂಚೆ, ‘ಸಿ’ ಆದರೆ ಪಾರ್ಸೆಲ್, ‘ಇ’ ಆದರೆ ತ್ವರಿತ ಅಂಚೆ. ಒಂಬತ್ತನೆಯ ಅಂಕಿ ಹಿಂದಿನ ಎಂಟರ ತಾಳೆಗಾಗಿ ಇಟ್ಟದ್ದು. 50813624 ಎಂಬ ಎಂಟನ್ನು ತೆಗೆದುಕೊಳ್ಳಿ. ಇವನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿದರೆ 40, 0, 32, 2, 9, 30, 18, 28, ಕೂಡಿದರೆ 159. ಹನ್ನೊಂದರಿಂದ ಭಾಗಿಸಿದರೆ ಶೇಷ 5. ಹನ್ನೊಂದರಲ್ಲಿ ಐದು ಕಳೆದರೆ 6. ಹಾಗಾಗಿ ಸಂಖ್ಯೆ 508136246 ಎಂದೇ ಮುಗಿಯಬೇಕು. ಕಳೆದಾಗ 10 ಬಂದರೆ 0, 11 ಬಂದರೆ 5 ಎಂದು ಹಿಡಿಯುತ್ತಾರೆ. ತಾಳೆಯಾಗದ ಸಂಖ್ಯೆ ತಪ್ಪಾಗಿ ಬರೆದದ್ದು, ಇಲ್ಲವೇ ಬಾಯಿಗೆ ಬಂದದ್ದು. ತಾಳೆಯಾದ ಮಾತ್ರಕ್ಕೆ ಪಾರ್ಸೆಲ್ ಇದೆ ಎಂದೇನೂ ಅಲ್ಲ, ಅದು ಬೇರೆ ಮಾತು. ಖಾಸಗಿ ಕೊರಿಯರ್‌ಗಳ ಸಂಖ್ಯೆಗಳಿಗೆ ಅವರವರದೇ ಲೆಕ್ಕ. ಈ ಗುಣಾಕಾರ ಅಲ್ಲಿ ನಡೆಯದು.

ಈಗ, ಅಂಗಡಿಯವರ ಕೊರಳಪಟ್ಟಿಯೇ ಏಕೆ? ಕೊರಿಯರ್‌ನವರಿಗೆ ನೀವು ಗಿರಾಕಿಯೇ ಅಲ್ಲ. ಅವರಿಗೆ ಬಾಡಿಗೆ ಕೊಟ್ಟವರು, ಅವರೊಂದಿಗೆ ಒಪ್ಪಂದ ಮಾಡಿಕೊಂಡವರು ಅಂಗಡಿಯವರು. ನೀವು ಹಣ ಕೊಟ್ಟದ್ದು ಮೋಟಾರು ನಿಮ್ಮ ಕೈ ಸೇರಲಿ ಎಂದು. ಅದು ಲಾರಿ ಹತ್ತಲಿ ಎಂದಲ್ಲ. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ಇದನ್ನು ನೇರವಾಗಿಯೇ ಹೇಳುತ್ತದೆ: ಸಾಗಣೆದಾರನನ್ನು ವ್ಯಾಪಾರಿಯೇ ಗೊತ್ತುಮಾಡಿದ್ದರೆ, ಗ್ರಾಹಕನೋ ಅವನು ಹೇಳಿದವರೋ ಸರಕನ್ನು ಕೈಗೆ ಪಡೆಯುವವರೆಗೆ ನಷ್ಟದ ಹೊಣೆ ವ್ಯಾಪಾರಿಯದು, ಬೇರೆ ಮಾತಾಗಿರದಿದ್ದರೆ ಒಪ್ಪಂದದಿಂದ 30 ದಿನದೊಳಗೆ ತಲುಪಿಸಬೇಕು. ಅಮೆರಿಕದಲ್ಲಿ 1975ರಲ್ಲಿ ರೂಪಿಸಿದ ಅಂಚೆ ವ್ಯಾಪಾರದ ನಿಯಮವೂ, ಸಮಯ ಹೇಳದಿದ್ದರೆ 30 ದಿನದೊಳಗೆ ಸರಕು ರವಾನೆಯಾಗಬೇಕು, ಆಗದಿದ್ದರೆ ಗ್ರಾಹಕನ ಒಪ್ಪಿಗೆ ಕೇಳಬೇಕು ಇಲ್ಲವೇ ಹಣ ಹಿಂದಿರುಗಿಸಬೇಕು ಎನ್ನುತ್ತದೆ. ನಿಮ್ಮಲ್ಲಿ ಕಾನೂನಿನ ಮಾತುಗಳು ಬೇರೆ ಇರಬಹುದು. ಕೊಂಡವರು ಮಾರಿದವರನ್ನೇ ಕೇಳಬೇಕೆಂಬ ತರ್ಕ ಎಲ್ಲ ಕಡೆಯೂ ಹೊಂದುತ್ತದೆ.

ಇನ್ನೊಂದು ಕಾರಣ ಹಣದ್ದು. ಸಾಗಣೆದಾರರು ನಷ್ಟ ತುಂಬಿಕೊಡುವುದು ಅನೇಕ ಸಲ ತೂಕದ ಲೆಕ್ಕದಲ್ಲಿ. ಅಂತಾರಾಷ್ಟ್ರೀಯ ವಿಮಾನ ಸರಕಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಮಿತಿ ಇದ್ದದ್ದು ಕಿಲೋಗೆ 17 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. 2024ರ ಡಿಸೆಂಬರ್ ಕೊನೆಯಿಂದ ಆ ಮಿತಿ 26 ಆಗಿದೆ. ಕಳುಹಿಸುವಾಗ ಮೌಲ್ಯ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟದಿದ್ದರೆ, ಇನ್ನೂರು ಗ್ರಾಂ ತೂಗುವ ದುಬಾರಿ ಫೋನಿಗೆ ಈ ಲೆಕ್ಕದಲ್ಲಿ ಎಷ್ಟು ಸಿಗುತ್ತದೆ ಎಂದು ನೀವೇ ನೋಡಿ. ದೇಶದೊಳಗಿನ ಕೊರಿಯರ್ ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲೂ ಇಂಥ ಮಿತಿ ಅಡಗಿರುತ್ತದೆ. ಅಂಗಡಿಯವರಿಂದ ಕೇಳಿದರೆ ನೀವು ಕೊಟ್ಟ ಪೂರ್ತಿ ಹಣ. ಅವರು ಕೊರಿಯರ್‌ನವರಿಂದ ಎಷ್ಟು ವಸೂಲು ಮಾಡಿಕೊಳ್ಳುತ್ತಾರೋ ಅದು ಅವರ ತಲೆನೋವು.

ಈ ಮಾತಿಗೆ ಅಪವಾದಗಳಿವೆ. ಕೊರಿಯರ್ ಯಾರಿರಬೇಕೆಂದು ಅಂಗಡಿಯವರ ಪಟ್ಟಿಯ ಹೊರಗೆ ನೀವೇ ಗೊತ್ತುಮಾಡಿ ಕಳುಹಿಸಿದ್ದರೆ ಅದು ಬೇರೆ. ‘ಬಾಗಿಲಲ್ಲಿ ಇಟ್ಟು ಹೋಗಿ’ ಎಂಬ ಆಯ್ಕೆಯನ್ನು ನೀವೇ ಒತ್ತಿದ್ದರೆ, ಅನಂತರ ಯಾರೋ ಎತ್ತಿಕೊಂಡು ಹೋದದ್ದಕ್ಕೆ ಅಂಗಡಿಯವರನ್ನು ಹೊಣೆ ಮಾಡುವುದು ಕಷ್ಟ. ವಿಳಾಸದಲ್ಲಿ ಅಂಚೆ ಸಂಖ್ಯೆಯ ಒಂದಂಕಿ ತಪ್ಪಿ ಬರೆದಿದ್ದರೂ ಅಷ್ಟೆ. ವಿಂಗಡಣೆಯ ಯಂತ್ರ ಓದುವುದು ಮೊದಲು ಆ ಸಂಖ್ಯೆಯನ್ನು. ಬೀದಿಯ ಹೆಸರನ್ನು ನೀವು ಎಷ್ಟು ಅಂದವಾಗಿ ಬರೆದಿದ್ದರೂ ಅದು ಕೊನೆಯ ಕೇಂದ್ರ ಮುಟ್ಟುವವರೆಗೆ ಯಾರ ಕಣ್ಣಿಗೂ ಬೀಳದು.

ಪತ್ರ ಹೀಗಿರಲಿ:

‘ಆರ್ಡರ್ ಸಂಖ್ಯೆ ಇಂಥದ್ದು, ಟ್ರ್ಯಾಕಿಂಗ್ ಸಂಖ್ಯೆ ಇಂಥದ್ದು. 5ರೊಳಗೆ ಬರಬೇಕಿದ್ದ ಹೊಲಿಗೆ ಯಂತ್ರದ ಮೋಟಾರು ನನ್ನ ಕೈ ಸೇರಿಲ್ಲ. 6ರಂದು ನಾನು ಮನೆಯಲ್ಲಿದ್ದೆ. ಯಾರೂ ಬರಲಿಲ್ಲ, ಕರೆಯೂ ಬರಲಿಲ್ಲ. 8ರ ರಾತ್ರಿ 8.50ಕ್ಕೆ ತಲುಪಿಸಿದ್ದಾಗಿ ದಾಖಲಾಗಿದೆ. ನಾನಾಗಲಿ ನನ್ನ ಮನೆಯವರಾಗಲಿ ನೆರೆಯವರಾಗಲಿ ಪಡೆದಿಲ್ಲ. ಸಾಗಣೆದಾರರನ್ನು ಗೊತ್ತುಮಾಡಿದವರು ನೀವು. ಆದ್ದರಿಂದ ಅವರಿಂದ ಪಡೆದವರ ಹೆಸರು, ಸಹಿ, ಚಿತ್ರ, ಸ್ಥಳದ ಗುರುತು, ಲೇಬಲ್‌ನ ಪೂರ್ತಿ ವಿಳಾಸ ಮತ್ತು ಕೇಂದ್ರದಲ್ಲಿ ತೂಗಿದ ತೂಕವನ್ನು ತರಿಸಿಕೊಡಿ. 19ನೇ ತಾರೀಖಿನೊಳಗೆ ಮೋಟಾರನ್ನು ಮತ್ತೆ ಕಳುಹಿಸಿ ಅಥವಾ ಪೂರ್ತಿ ಹಣ ಹಿಂದಿರುಗಿಸಿ. ಆ ದಿನ ದಾಟಿದರೆ ನನಗೆ ಮೋಟಾರು ಬೇಡ, ಹಣವೇ ಬೇಕು. ದೂರಿನ ಸಂಖ್ಯೆಯನ್ನು ಬರಹದಲ್ಲಿ ತಿಳಿಸಿ.’

ಇಷ್ಟೇ. ‘ನಾಚಿಕೆಯಾಗಬೇಕು ನಿಮಗೆ’ ಎಂಬಂಥ ಸಾಲುಗಳು ಬೇಡ. ಅವನ್ನು ಓದುವವನು ಸಂಬಳಕ್ಕೆ ಕುಳಿತ ಇನ್ನೊಬ್ಬ. ಅವನಿಗೆ ನಾಚಿಕೆಯಾಗುವುದಿಲ್ಲ, ಪತ್ರ ಮಾತ್ರ ‘ಕೋಪಿಷ್ಠ ಗ್ರಾಹಕರು’ ಎಂಬ ರಾಶಿಗೆ ಬೀಳುತ್ತದೆ. ದಿನಾಂಕ ಕೊಟ್ಟು ಕೇಳಿದ ಪತ್ರಕ್ಕೆ ಬೆಲೆ ಹೆಚ್ಚು. ‘ಆದಷ್ಟು ಬೇಗ’ ಎಂದು ಬರೆದರೆ ಅವರ ‘ಆದಷ್ಟು’ ಯಾವತ್ತೂ ಆಗುವುದಿಲ್ಲ. ಫೋನಿನಲ್ಲಿ ಮಾತಾಡಲೇಬೇಕಾಗಿ ಬಂದರೆ, ಮುಗಿದ ಕೂಡಲೇ ‘ಈಗ ಮಾತಾಡಿದಂತೆ ನೀವು ಇಂತಿಂಥದ್ದು ಮಾಡುವುದಾಗಿ ಹೇಳಿದ್ದೀರಿ’ ಎಂದು ಒಂದು ಸಾಲು ಬರೆದು ಹಾಕಿ.

ಕಾಯುವುದಕ್ಕೂ ಒಂದು ಲೆಕ್ಕವಿದೆ. ‘ತಡ’ ಎಂಬುದು ಎಲ್ಲಿ ಮುಗಿದು ‘ಕಳೆದುಹೋಗಿದೆ’ ಎಂಬುದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಸಾಗಣೆಯ ಒಪ್ಪಂದಗಳೇ ಗೆರೆ ಎಳೆದು ಹೇಳಿವೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಸರಕು ಬರಬೇಕಾದ ದಿನದಿಂದ 7 ದಿನ ಕಳೆದರೂ ಬಾರದಿದ್ದರೆ ಹಕ್ಕು ಚಲಾಯಿಸಬಹುದು. ರಸ್ತೆಯ ಅಂತಾರಾಷ್ಟ್ರೀಯ ಸಾಗಣೆಗಾಗಿ 1956ರಲ್ಲಿ ಜಿನೀವಾದಲ್ಲಿ ಆದ ಒಪ್ಪಂದ ಗೊತ್ತುಮಾಡಿದ ದಿನದಿಂದ 30 ದಿನ, ದಿನವೇ ಗೊತ್ತಾಗಿರದಿದ್ದರೆ ಸಾಗಣೆದಾರ ಪಡೆದುಕೊಂಡ ದಿನದಿಂದ 60 ದಿನ ಎನ್ನುತ್ತದೆ. ಅಂತಾರಾಷ್ಟ್ರೀಯ ಅಂಚೆಯಲ್ಲಿ ಕಳುಹಿಸಿದ ಮರುದಿನದಿಂದ ಆರು ತಿಂಗಳವರೆಗೆ ವಿಚಾರಣೆಗೆ ಅರ್ಜಿ ಕೊಡಬಹುದು, ಸಾಮಾನ್ಯವಾಗಿ ಅದನ್ನು ಶುರುಮಾಡಬೇಕಾದವರು ಕಳುಹಿಸಿದವರು. ಇನ್ನು ಕಾರ್ಡಿನಲ್ಲಿ ಹಣ ಕಟ್ಟಿದ್ದರೆ ಬ್ಯಾಂಕಿನ ಮೂಲಕ ಹಣ ವಾಪಸು ಕೇಳುವ ‘ಚಾರ್ಜ್‌ಬ್ಯಾಕ್’ ದಾರಿ ಇದೆ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನ. ‘ಇನ್ನೊಂದು ವಾರ ನೋಡಿ’ ಎಂದು ಸಿಹಿಯಾಗಿ ಹೇಳುತ್ತಲೇ ಈ ಅವಧಿಯನ್ನು ಸವೆಸುವ ಮಾರಾಟಗಾರರಿದ್ದಾರೆ. ಅಂಗಡಿಗೆ ಬರೆದ ಪತ್ರ ಮತ್ತು ಅವರು ಉತ್ತರಿಸದೆ ಇದ್ದದ್ದು, ಎರಡೂ ಬ್ಯಾಂಕಿಗೆ ಬೇಕಾಗುವ ಕಾಗದಗಳೇ.

ನೀವು ಹೀಗೆ ಪಾರ್ಸೆಲ್ ಹುಡುಕಾಟದಲ್ಲಿರುವಾಗಲೇ ಒಂದು ಸಂದೇಶ ಬರಬಹುದು: ‘ವಿಳಾಸ ಅಪೂರ್ಣ, ಸಣ್ಣ ಶುಲ್ಕ ಕಟ್ಟಿ ಮರುಬಟವಾಡೆ ಪಡೆಯಿರಿ’, ಕೆಳಗೊಂದು ಕೊಂಡಿ. ಮುಟ್ಟಬೇಡಿ. ಇದು ಸಾವಿರಾರು ಜನರಿಗೆ ಒಟ್ಟಿಗೆ ಬೀಸುವ ಗಾಳ. ಪಾರ್ಸೆಲ್ಲಿಗಾಗಿ ಚಡಪಡಿಸುತ್ತಿರುವವರೇ ಅದಕ್ಕೆ ಬೀಳುವುದು. ಅವರಿಗೆ ಬೇಕಾದದ್ದು ಆ ಸಣ್ಣ ಶುಲ್ಕವಲ್ಲ, ನಿಮ್ಮ ಕಾರ್ಡಿನ ಸಂಖ್ಯೆ. ಹೊರದೇಶದ ಪಾರ್ಸೆಲ್ಲಿಗೆ ಸುಂಕ ಕಟ್ಟಬೇಕಾಗಿ ಬರುವುದು ನಿಜವೇ ಆದ್ದರಿಂದ ಅನುಮಾನವಿದ್ದರೆ ಸಂದೇಶದ ಕೊಂಡಿಯನ್ನು ಬಿಟ್ಟು, ನಿಮ್ಮ ಬಳಿಯಿರುವ ಟ್ರ್ಯಾಕಿಂಗ್ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ.

ನೀವು ಯಾರಿಗಾದರೂ ಹೊಲಿದ ಬಟ್ಟೆ ಕಳುಹಿಸುವವರಾದರೆ ಎಂದು ಇನ್ನೊಂದು ಮಾತು. ನಮ್ಮ ಕೇಂದ್ರದ ಹಿಂದುಗಡೆ ಒಂದು ಕೋಣೆ ಇತ್ತು, ಲೇಬಲ್ ಕಿತ್ತುಹೋದ ಪಾರ್ಸೆಲ್‌ಗಳಿಗಾಗಿ. ಇಬ್ಬರು ಸಾಕ್ಷಿಗಳ ಎದುರು ಅವನ್ನು ಬಿಚ್ಚುವ ಕೆಲಸ ಕೆಲವು ತಿಂಗಳು ನನ್ನದಾಗಿತ್ತು. ಒಂದು ಪೆಟ್ಟಿಗೆಯಲ್ಲಿ ಹಸುಗೂಸಿನ ಕುಲಾವಿ, ಅದರ ಜೊತೆ ಬಣ್ಣ ಹೊಂದುವ ಕಾಲುಚೀಲ, ಕೈಬರಹದ ಚೀಟಿ: ‘ಪುಟ್ಟನಿಗೆ, ಅಜ್ಜಿಯಿಂದ.’ ಯಾವ ಪುಟ್ಟ, ಎಲ್ಲಿಯ ಅಜ್ಜಿ? ಅದನ್ನು ಮೂರು ತಿಂಗಳು ಇಟ್ಟುಕೊಂಡೆವು, ಯಾರೂ ಕೇಳಿಕೊಂಡು ಬರಲಿಲ್ಲ. ಅದೇ ವಾರ ಬಿಚ್ಚಿದ ಇನ್ನೊಂದರ ಒಳಗೆ ಇಬ್ಬರ ವಿಳಾಸ, ಫೋನ್ ಸಂಖ್ಯೆ ಬರೆದ ಒಂದು ಚೀಟಿ ಇತ್ತು. ಮೂರನೆಯ ದಿನ ಅದು ಸೇರಬೇಕಾದ ಮನೆ ಸೇರಿತು. ಹೊರಗಿನ ಲೇಬಲ್ ಮೇಲೆ ಎಷ್ಟೇ ಅಂಟುಪಟ್ಟಿ ಹಾಕಿದರೂ ಒಳಗೊಂದು ಚೀಟಿ ಇಡುವುದನ್ನು ಮರೆಯಬೇಡಿ. ಹಳೆಯ ಪೆಟ್ಟಿಗೆ ಬಳಸುವುದಾದರೆ ಅದರ ಹಿಂದಿನ ಬಾರ್‌ಕೋಡನ್ನು ಕಪ್ಪು ಮಸಿಯಿಂದ ಹೊಡೆದು ಹಾಕಿ. ಸ್ಕ್ಯಾನರ್‌ಗೆ ಯಾವುದು ಮೊದಲು ಕಂಡಿತೋ ಅದೇ ವಿಳಾಸ.

ಕೊನೆಗೆ, ನೀವು ಕಳುಹಿಸಿದ ಚಿತ್ರ. ಅದನ್ನು ದೊಡ್ಡದು ಮಾಡಿ ನೋಡಿದೆ. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ತೂಕ 0.35 ಕೆ.ಜಿ.’ ಎಂದಿದೆ, ನೀವು ಗಮನಿಸಿದ ಹಾಗಿಲ್ಲ. ಪೆಡಲ್ ಸಮೇತದ ಹೊಲಿಗೆ ಯಂತ್ರದ ಮೋಟಾರು ಮುನ್ನೂರೈವತ್ತು ಗ್ರಾಂ ತೂಗುವುದಿಲ್ಲ. ಬುಕ್ ಮಾಡುವಾಗ ಅಂಗಡಿಯವರು ಕಣ್ಣಂದಾಜಿನಲ್ಲಿ ತುಂಬಿದ ತೂಕ ಅದಾಗಿರಬಹುದು. ಪೆಡಲ್ಲನ್ನೋ ಬೆಲ್ಟನ್ನೋ ಬೇರೆ ಪೆಟ್ಟಿಗೆಯಲ್ಲಿ ಕಳುಹಿಸಿ ಅದರ ಸಂಖ್ಯೆಯನ್ನು ಮಾತ್ರ ನಿಮಗೆ ಕೊಟ್ಟಿರಬಹುದು. ಹಾಗಾದರೆ ಮೋಟಾರು ಇನ್ನೊಂದು ಸಂಖ್ಯೆಯಲ್ಲಿ ಇನ್ನೂ ದಾರಿಯಲ್ಲಿದೆ. ಅಥವಾ ಮೂರನೆಯ ಸಾಧ್ಯತೆ, ನಾನು ಮೇಲೆ ಹೇಳಿದ ಮಾರಾಟಗಾರರ ಮೋಸ. ಅದಕ್ಕೇ ಪತ್ರದಲ್ಲಿ ‘ಕೇಂದ್ರದಲ್ಲಿ ತೂಗಿದ ತೂಕ’ ಎಂದು ಬರೆದದ್ದು. ಆರ್ಡರ್ ಒಂದೇ ಪೆಟ್ಟಿಗೆಯಲ್ಲಿ ಹೋಗಿದೆಯೇ, ಎರಡರಲ್ಲಿಯೇ ಎಂದು ಇನ್ನೊಂದು ಸಾಲು ಸೇರಿಸಿ, ಆ ಚಿತ್ರವನ್ನೂ ಲಗತ್ತಿಸಿ ಕಳುಹಿಸಿ. 19ರ ನಂತರ ಉತ್ತರ ಏನು ಬಂತೆಂದು ನನಗೂ ಬರೆಯಿರಿ. ಬರದಿದ್ದರೂ ಬರೆಯಿರಿ, ಬ್ಯಾಂಕಿಗೆ ಕೊಡಬೇಕಾದ ಅರ್ಜಿಯನ್ನು ಆಗ ನೋಡೋಣ.